ಎಡಗಡೆಯಿಂದ ಬರುವ ಬೆಳಕು



ನಾನು ಅಕ್ಷರ ತಿದ್ದಿದ ಶಾಲೆಯ ಕೋಣೆಗೆ ಇದ್ದುದು ಒಂದೇ ಕಿಟಕಿ. ಅದೂ ನಮ್ಮ ಬೆನ್ನ ಹಿಂದೆ. ಸ್ಲೇಟನ್ನು ತೊಡೆಯ ಮೇಲಿರಿಸಿಕೊಂಡು ಬಾಗಿದೆನೆಂದರೆ ನನ್ನ ತಲೆಯ ನೆರಳೇ ಅದರ ಮೇಲೆ ಬಿದ್ದು, ಬರೆದ ಅಕ್ಷರವೂ ಬರೆಯಬೇಕಾದ ಅಕ್ಷರವೂ ಒಂದೇ ಕತ್ತಲೆಯಲ್ಲಿ ಮುಳುಗಿಹೋಗುತ್ತಿದ್ದುವು. ಬೆಳಕನ್ನು ಅರಸಿ ನಾನು ಬಲಕ್ಕೆ ಹೊರಳುವುದು, ನೆರಳೂ ನನ್ನೊಡನೆ ಬಲಕ್ಕೆ ಹೊರಳುವುದು. ಎಡಕ್ಕೆ ತಿರುಗಿದರೆ ಅದೂ ಎಡಕ್ಕೆ. ಇದನ್ನು ಚಾಂಚಲ್ಯವೆಂದು ಬಗೆದ ಮೇಷ್ಟರು ಬೆತ್ತದ ತುದಿಯಿಂದ ನನ್ನನ್ನು ಸ್ವಸ್ಥಾನದಲ್ಲಿ ಪುನಃಪ್ರತಿಷ್ಠಾಪನೆ ಮಾಡುತ್ತಿದ್ದರು. ಆ ಕೋಣೆಯನ್ನು ಕಟ್ಟಿದವರು ಯಾರು, ಕಿಟಕಿ ಅಲ್ಲಿಯೇ ಇರತಕ್ಕದ್ದೆಂದು ಗೊತ್ತುಮಾಡಿದವರು ಯಾರು ಎಂಬ ಪ್ರಶ್ನೆ ಅಂದು ನನಗಾಗಲಿ ನಮ್ಮೂರಿನ ಹಿರಿಯರಿಗಾಗಲಿ ಹೊಳೆದಿರಲಿಲ್ಲ. ಶಾಲೆಯೆಂಬುದು ಮಳೆಯಂತೆ ಎಲ್ಲಿಂದಲೋ ಬರತಕ್ಕದ್ದು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಬಹುವರ್ಷಗಳ ತರುವಾಯ, ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಪ್ರಾಂತಗಳಲ್ಲಿ ಕರಿಯ ಜನಾಂಗದ ಹಳ್ಳಿಯ ಮಕ್ಕಳಿಗೆಂದು 1920ರ ದಶಕದಲ್ಲಿ ಸಿದ್ಧವಾದ ಶಾಲಾ ನಕ್ಷೆಗಳನ್ನು ನೋಡುವ ಸಂದರ್ಭ ಒದಗಿತು. ಅವುಗಳಲ್ಲಿ ಕೋಣೆಯ ದೊಡ್ಡ ಕಿಟಕಿಗಳೆಲ್ಲ ಒಂದೇ ಪಾರ್ಶ್ವದಲ್ಲಿ, ಒಂದಕ್ಕೊಂದು ಭುಜ ತಾಗಿಸಿಕೊಂಡು ಸಾಲಾಗಿ ನಿಂತಿದ್ದುವು. ಆ ಸಾಲು ಮಗುವಿನ ಎಡಗಡೆಗೆ ಬರುವಂತೆ ಬೆಂಚುಗಳನ್ನು ಹೂಡಿದ್ದರು. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡದಿಂದ ಬಂದರೆ ಕೈಯ ನೆರಳು ಬರೆಹದ ಮೇಲೆ ಬೀಳುವುದಿಲ್ಲ. ಎಡಚ ಮಕ್ಕಳ ಗತಿಯೇನೆಂದು ಆ ಕಾಲದ ಪಂಡಿತರು ಕೇಳಿಕೊಂಡಂತೆ ತೋರದು, ಅದು ಹಾಗಿರಲಿ. ನನ್ನ ಬೆನ್ನಿಗೆ ಬೆತ್ತದ ಪರಿಚಯವನ್ನು ಮಾಡಿಸಿದ ಆ ಒಂದು ದೋಷವನ್ನು, ಭೂಮಂಡಲದ ಇನ್ನೊಂದು ಪಕ್ಕದಲ್ಲಿ ಯಾರೋ ಕುಳಿತು ಆಲೋಚಿಸಿ, ಗೆರೆ ಎಳೆದು, ನಿವಾರಿಸಿದ್ದರು. ಇಷ್ಟು ಸಣ್ಣ ಸಂಗತಿಯನ್ನು ಇಷ್ಟು ದೊಡ್ಡದಾಗಿ ಎಣಿಸಿದವರು ಯಾರೆಂದು ಹುಡುಕುತ್ತ ಹೋದಾಗ ದೊರೆತ ವೃತ್ತಾಂತವನ್ನು ಇಂದು ತಮ್ಮೊಡನೆ ಹಂಚಿಕೊಳ್ಳುತ್ತೇನೆ.

ಅಮೆರಿಕದ ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ರದ್ದಾಯಿತಷ್ಟೆ. ಅದಕ್ಕೆ ಮುನ್ನ ದಕ್ಷಿಣದ ಹಲವು ಸಂಸ್ಥಾನಗಳಲ್ಲಿ ಗುಲಾಮನಿಗೆ ಓದು ಕಲಿಸುವುದೇ ಅಪರಾಧವಾಗಿತ್ತು. ಬಿಡುಗಡೆಯಾದವರಿಗೆ ಅಕ್ಷರದ ಹಸಿವು ಎಷ್ಟಿತ್ತೆಂದರೆ ಅಜ್ಜನೂ ಮೊಮ್ಮಗನೂ ಒಂದೇ ಪುಸ್ತಕದ ಮುಂದೆ ಕುಳಿತರು. ಆದರೆ ಕುಳಿತುಕೊಳ್ಳುವುದಕ್ಕೆ ಮನೆಯೆಲ್ಲಿ? ಶಾಲೆಗಳ ಆಡಳಿತ ಬಿಳಿಯರ ಮಂಡಲಿಗಳ ಕೈಯಲ್ಲಿತ್ತು. ಕರಿಯರು ತೆತ್ತ ತೆರಿಗೆಯೂ ಆ ಬೊಕ್ಕಸಕ್ಕೇ ಹೋಗುತ್ತಿತ್ತು. ಅಲ್ಲಿಂದ ಹೊರಬರುವಾಗ ಮಾತ್ರ ಅದು ಬಿಳಿಯ ಮಕ್ಕಳ ಶಾಲೆಯ ದಾರಿಯನ್ನು ಹಿಡಿಯುತ್ತಿತ್ತು. ಕರಿಯ ಮಕ್ಕಳು ಇಗರ್ಜಿಯ ಮೂಲೆಯಲ್ಲಿ, ಸಂಘದ ಹಜಾರದಲ್ಲಿ, ಹಲಗೆಗಳ ಸಂದಿನಿಂದ ಗಾಳಿ ನುಗ್ಗುವ ಒಂಟಿಕೋಣೆಯ ಗುಡಿಸಲುಗಳಲ್ಲಿ ಓದಿದರು. ‘ಪ್ರತ್ಯೇಕವಾದರೂ ಸಮಾನ’ ಎಂಬ ತತ್ತ್ವವನ್ನು ಆ ದೇಶದ ಶ್ರೇಷ್ಠ ನ್ಯಾಯಾಲಯವು 1896ರಲ್ಲಿ ಎತ್ತಿಹಿಡಿಯಿತು. ಆ ಎರಡು ಪದಗಳಲ್ಲಿ ಮೊದಲನೆಯದನ್ನು ಅಕ್ಷರಶಃ ಆಚರಿಸಿದರು.

ಈ ಕಥೆಯ ಮೊದಲ ಪುರುಷ ಬೂಕರ್ ಟಿ. ವಾಷಿಂಗ್ಟನ್. 1856ರಲ್ಲಿ ಗುಲಾಮನಾಗಿ ಹುಟ್ಟಿದವರು. 1881ರಲ್ಲಿ ಅಲಬಾಮಾ ಪ್ರಾಂತದ ಟಸ್ಕೀಗಿಯಲ್ಲಿ ವಿದ್ಯಾಸಂಸ್ಥೆಯನ್ನು ಆರಂಭಿಸಿದವರು. ನಮ್ಮ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ, 1903ರಲ್ಲಿಯೇ, ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಇವರ ಜೀವನವನ್ನು ಕುರಿತು ಬರೆದಿದ್ದರು. ಶಾಲೆಯ ಕಟ್ಟಡವನ್ನು ಶಾಲೆಯವರೇ ಕಟ್ಟಬೇಕೆಂಬುದು ವಾಷಿಂಗ್ಟನ್ನರ ಹಟ. ಇಟ್ಟಿಗೆಯನ್ನೂ ವಿದ್ಯಾರ್ಥಿಗಳೇ ಸುಡಬೇಕೆಂದು ಹೊರಟರು. ಮಣ್ಣಿನ ಹಳ್ಳದಲ್ಲಿ ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ದುಡಿಯುವುದು, ಓದುವುದಕ್ಕೆಂದು ಬಂದ ಹುಡುಗರಿಗೆ ರುಚಿಸುವ ಕೆಲಸವಾಗಿರಲಿಲ್ಲ. ಕೆಲವರು ಶಾಲೆಯನ್ನೇ ಬಿಟ್ಟುಹೋದರು. ಮೊದಲನೆಯ ಗೂಡು ಕೆಟ್ಟಿತು. ಎರಡನೆಯದೂ ಕೆಟ್ಟಿತು. ಮೂರನೆಯದು ಒಂದು ವಾರದ ಉರಿಯನ್ನು ಸಹಿಸಿ, ಇನ್ನೇನು ಇಟ್ಟಿಗೆ ಬೆಂದಿತೆನ್ನುವಾಗ, ನಡುರಾತ್ರಿಯಲ್ಲಿ ಕುಸಿದುಬಿದ್ದಿತು. ಕೈಯಲ್ಲಿ ಬಿಡಿಗಾಸೂ ಉಳಿದಿರಲಿಲ್ಲ. ವಾಷಿಂಗ್ಟನ್ನರು ತಮ್ಮ ಗಡಿಯಾರವನ್ನು ಮಾಂಟ್‌ಗೊಮರಿ ಪಟ್ಟಣಕ್ಕೆ ಒಯ್ದು ಗಿರವಿಯಿಟ್ಟು 15 ಡಾಲರು ತಂದು, ಎದೆಗುಂದಿದ್ದ ಹುಡುಗರನ್ನು ಮತ್ತೆ ಕೂಡಿಸಿ, ನಾಲ್ಕನೆಯ ಗೂಡನ್ನು ಹೂಡಿದರು, ಅದು ಬೆಂದಿತು. ಗಿರವಿಯ ಅವಧಿ ಮೀರಿದುದರಿಂದ ಆ ಗಡಿಯಾರವನ್ನು ತಾವು ಮತ್ತೆ ನೋಡಲಿಲ್ಲವೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ; ಹಾಗೆ ಬರೆದ ಆ ವಾಕ್ಯದಲ್ಲಿ ಖೇದದ ಸುಳಿವಿಲ್ಲ.

ಎರಡನೆಯ ಪುರುಷ ಜೂಲಿಯಸ್ ರೋಸನ್‌ವಾಲ್ಡ್. ಜರ್ಮನಿಯಿಂದ ವಲಸೆ ಬಂದ ಯೆಹೂದಿ ಜವಳಿ ವ್ಯಾಪಾರಿಯ ಮಗ. ಶಿಕಾಗೊ ನಗರದ ಸಿಯರ್ಸ್ ರೋಬಕ್ ಎಂಬ, ಅಂಚೆಯ ಮೂಲಕ ಸೂಜಿಯಿಂದ ಮನೆಯವರೆಗೆ ಸಕಲವನ್ನೂ ಮಾರುತ್ತಿದ್ದ, ಮಹಾ ವ್ಯಾಪಾರ ಸಂಸ್ಥೆಯ ಅಧ್ಯಕ್ಷ. ಮನೆಯೆಂದುದು ಅಲಂಕಾರವಲ್ಲ; ತೊಲೆ, ಹಲಗೆ, ಮೊಳೆ, ಬಾಗಿಲು ಇವೆಲ್ಲವನ್ನೂ ಅಳತೆಗೆ ತಕ್ಕಂತೆ ಕೊಯ್ದು, ಗುರುತು ಹಾಕಿ, ರೈಲಿನಲ್ಲಿ ಕಳುಹಿಸಿಕೊಡುತ್ತಿದ್ದರು; ಕೊಂಡವನು ಜೋಡಿಸಿಕೊಂಡರಾಯಿತು. ವಾಷಿಂಗ್ಟನ್ನರಿಗೂ ರೋಸನ್‌ವಾಲ್ಡರಿಗೂ ಪರಿಚಯವಾದುದು 1911ರಲ್ಲಿ. ಮರುವರ್ಷ ತಮ್ಮ ಐವತ್ತನೆಯ ಹುಟ್ಟುಹಬ್ಬದಂದು ರೋಸನ್‌ವಾಲ್ಡರು ಟಸ್ಕೀಗಿಗೆ 25,000 ಡಾಲರನ್ನು ದಾನವಿತ್ತರು. ಅದರಲ್ಲಿ ಮಿಕ್ಕ ಸ್ವಲ್ಪ ಹಣದಿಂದ ಸುತ್ತಲಿನ ಹಳ್ಳಿಗಳಲ್ಲಿ ಆರು ಸಣ್ಣ ಶಾಲೆಗಳನ್ನು ಕಟ್ಟಬಹುದೆ ಎಂದು ವಾಷಿಂಗ್ಟನ್ನರು ಕೇಳಿದರು. ಈ ಆಲೋಚನೆಯ ಬೆನ್ನಿಗೆ ಟಸ್ಕೀಗಿಯ ವಿಸ್ತರಣ ವಿಭಾಗದ ಕ್ಲಿಂಟನ್ ಕ್ಯಾಲೊವೇ ಎಂಬವರ ದುಡಿಮೆಯಿತ್ತು. ಊರೂರು ತಿರುಗಿ, ಸಭೆ ಸೇರಿಸಿ, ವಂತಿಗೆ ಎತ್ತಿಸಿದವರು ಇವರೇ. ಇಂತಹವರ ಹೆಸರು ಕಟ್ಟಡಗಳ ಮೇಲೆ ಬರುವುದಿಲ್ಲ.

ರೋಸನ್‌ವಾಲ್ಡರಿಗೆ ಮೊದಲು ತೋಚಿದ ಉಪಾಯ ವ್ಯಾಪಾರಿಗೆ ಸಹಜವಾದುದು: ತಮ್ಮ ಸಂಸ್ಥೆಯ ಸಿದ್ಧ ಸಾಮಗ್ರಿಯನ್ನೇ ಶಾಲೆಗಳಿಗೂ ಕಳುಹಿಸಿದರೆ ಅಗ್ಗವೂ ಆದೀತು, ಶೀಘ್ರವೂ ಆದೀತು. ಟಸ್ಕೀಗಿಯವರು ಇದಕ್ಕೆ ಒಲಿಯಲಿಲ್ಲ. ಮರ ಊರಿನ ಕಾಡಿನದಾಗಿರಲಿ, ಅದನ್ನು ಕಡಿಯುವವರು ಊರಿನವರಾಗಿರಲಿ, ಮೊಳೆ ಹೊಡೆಯುವ ಕೈ ಊರಿನದಾಗಿರಲಿ ಎಂಬುದು ಅವರ ಪಕ್ಷ. ಇಂದು ನಮ್ಮಲ್ಲಿಯೂ ಸಿದ್ಧ ಗೋಡೆಗಳನ್ನು ಲಾರಿಯಲ್ಲಿ ತಂದು ಎರಡು ವಾರದಲ್ಲಿ ಶಾಲೆಯನ್ನು ನಿಲ್ಲಿಸುವ ವಿದ್ಯೆ ಬಂದಿದೆ. ಅದನ್ನು ಹಳಿಯಲಾರೆ, ಮಳೆಯಲ್ಲಿ ನೆನೆಯುತ್ತಿರುವ ಮಕ್ಕಳಿಗೆ ಎರಡು ವಾರವೆಂಬುದು ದೊಡ್ಡ ವರ. ಆದರೆ ಟಸ್ಕೀಗಿಯವರ ಮನಸ್ಸಿನಲ್ಲಿದ್ದುದು ಬೇರೆ ಲೆಕ್ಕ. ಆ ಲೆಕ್ಕ ಎಂತಹುದೆಂಬುದು ಮೊದಲನೆಯ ಶಾಲೆಯ ಖಾತೆಯಲ್ಲಿಯೇ ಕಾಣುತ್ತದೆ.

ಆ ಶಾಲೆ 1913ರಲ್ಲಿ ಲೋಚಪೋಕ ಎಂಬ ಹಳ್ಳಿಯಲ್ಲಿ ಎದ್ದುನಿಂತಿತು. ಒಟ್ಟು ವೆಚ್ಚ ಸುಮಾರು 942 ಡಾಲರು. ಅದರಲ್ಲಿ ರೋಸನ್‌ವಾಲ್ಡರದು 300. ನೆರೆಯ ಬಿಳಿಯರಿಂದ ಬಂದುದು 360. ಊರಿನ ಕರಿಯರು ನಗದಾಗಿ ಕೂಡಿಸಿದುದು 150. ಮೈಮುರಿದು ದುಡಿದ ಶ್ರಮದ ಬೆಲೆ 132 ಡಾಲರು 50 ಸೆಂಟು. ಈ ಕಡೆಯ ಐವತ್ತು ಸೆಂಟಿನ ಮೇಲೆ ನನಗೆ ಬಲು ಪ್ರೀತಿ. ಶ್ರಮದಾನವೆಂದರೆ ನಾವು ಕೈಮುಗಿದು, ಅಮೂಲ್ಯವೆಂದು ಹೊಗಳಿ, ಲೆಕ್ಕಕ್ಕೆ ಸೇರಿಸದೆ ಬಿಟ್ಟುಬಿಡುತ್ತೇವೆ. ಅಲ್ಲಿ ಯಾರೋ ಒಬ್ಬರು ದಿನದಿನವೂ ಬಂದವರ ಹೆಸರು ಬರೆದು, ಹೊತ್ತು ಹಾಕಿ, ಕೂಲಿ ಕಟ್ಟಿ, ಅರ್ಧ ಡಾಲರಿನವರೆಗೂ ಎಣಿಸಿ, ಅದನ್ನು ಶಿಕಾಗೊ ನಗರದ ಧನಿಕನ ಹಣದ ಪಕ್ಕದಲ್ಲಿಯೇ ಬರೆದಿಟ್ಟರು. ಧನಿಕನ ಮುನ್ನೂರಕ್ಕೆ ಇವರ ಇನ್ನೂರ ಎಂಬತ್ತೆರಡೂವರೆ. ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ತಲೆ ತಗ್ಗಿಸಬೇಕಾದ ಅಂತರವಲ್ಲ.

ಆರು ಶಾಲೆ ಮುಗಿದುವು. 1914ರಲ್ಲಿ ಇನ್ನೂ ನೂರಕ್ಕೆ ರೋಸನ್‌ವಾಲ್ಡರು ಸಮ್ಮತಿಸಿದರು. 1917ರಲ್ಲಿ ಒಂದು ನಿಧಿಯನ್ನೇ ಸ್ಥಾಪಿಸಿದರು. ಅಷ್ಟರಲ್ಲಿ ವಾಷಿಂಗ್ಟನ್ನರು ತೀರಿಕೊಂಡಿದ್ದರು. ಊರಿನವರು ತಮ್ಮ ಪಾಲನ್ನು ಕೂಡಿಸದಿದ್ದರೆ ನಿಧಿಯ ಪಾಲು ಇಲ್ಲ ಎಂಬ ನಿಯಮ ಮೊದಲಿನಿಂದ ಕಡೆಯವರೆಗೂ ನಡೆಯಿತು.

ಇನ್ನು ನಕ್ಷೆಯ ವಿಚಾರ. ಮೊದಲನೆಯ ನಕ್ಷೆಗಳು ಟಸ್ಕೀಗಿಯಲ್ಲಿಯೇ ಸಿದ್ಧವಾಗಿ 1915ರಲ್ಲಿ ಪುಸ್ತಿಕೆಯಾಗಿ ಅಚ್ಚಾದುವು. ಅವನ್ನು ಬರೆಸಿದವರಲ್ಲಿ ಮುಖ್ಯರು ರಾಬರ್ಟ್ ಟೇಲರ್. ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಿಂದ 1892ರಲ್ಲಿ ಪದವಿ ಪಡೆದ ಮೊದಲನೆಯ ಕರಿಯ ವಾಸ್ತುಶಿಲ್ಪಿ. ಆ ಶಾಲೆಗಳಲ್ಲಿ ಪಾಠದ ಕೋಣೆಯೊಡನೆ ಕೈಕೆಲಸದ ಕೋಣೆಯೊಂದು ಇರತಕ್ಕದ್ದೆಂದೂ, ಎರಡು ಕೋಣೆಗಳ ನಡುವಣ ಗೋಡೆ ಮಡಚಿ ಸರಿಸಬಹುದಾದ ಹಲಗೆಬಾಗಿಲಾಗಿ ಇರಬೇಕೆಂದೂ ಗೊತ್ತುಮಾಡಿದ್ದರು. ಹಗಲು ಎರಡು ತರಗತಿ. ಸಂಜೆ ಬಾಗಿಲನ್ನು ಮಡಚಿದರೆ ಊರೆಲ್ಲ ಕೂಡುವ ಸಭಾಮಂಟಪ. ನೂರು ಮಕ್ಕಳ ಶಾಲೆಯೊಳಗೆ ಇಡೀ ಊರನ್ನು ಕೂರಿಸುವ ಈ ಒಂದು ಗೋಡೆಯ ಯುಕ್ತಿಯನ್ನು ನೋಡಿದಾಗ, ಹಬ್ಬ ಬಂದರೆ ಕಂಬಗಳ ನಡುವೆ ಕಟ್ಟಿದ ತಟ್ಟಿಗಳನ್ನು ಬಿಚ್ಚಿ ಪಡಸಾಲೆಯನ್ನೂ ಅಂಗಳವನ್ನೂ ಒಂದುಮಾಡುವ ನಮ್ಮ ಹಳೆಯ ಮನೆಗಳು ನೆನಪಾದುವು.

ಕಟ್ಟುವವರು ಊರಿನವರಾದುದರಿಂದ ಕೆಡಿಸುವವರೂ ಊರಿನವರೇ ಆದರು. ಇದನ್ನು ಮುಚ್ಚಿಟ್ಟು ಹೇಳಿದರೆ ಕಥೆ ಪುರಾಣವಾದೀತು. ಒಂದೆಡೆ ಕಿಟಕಿ ದುಬಾರಿಯೆಂದು ಕೆಲವನ್ನು ಬಿಟ್ಟರು. ಇನ್ನೊಂದೆಡೆ ಶಾಲೆಯ ಮುಖ ರಸ್ತೆಗೇ ಇರಬೇಕೆಂದು ಹಟ ಹಿಡಿದು, ಸೂರ್ಯನು ತನ್ನ ದಾರಿಯನ್ನು ತಾನು ನೋಡಿಕೊಳ್ಳಲೆಂದು ಬಿಟ್ಟರು. ರೋಸನ್‌ವಾಲ್ಡರು ನ್ಯಾಶ್‌ವಿಲ್ ನಗರದ ಫ್ಲೆಚರ್ ಡ್ರೆಸ್ಲರ್ ಎಂಬ ಶಾಲಾ ಕಟ್ಟಡ ತಜ್ಞರನ್ನು ಪರೀಕ್ಷೆಗೆ ಕಳುಹಿಸಿದಾಗ ಅವರ ವರದಿ ಕಠೋರವಾಗಿತ್ತು: ನಕ್ಷೆಯೊಂದು, ಕಟ್ಟಿದುದೊಂದು, ಕೆಲಸದಲ್ಲಿ ಹುಳುಕು, ಬೆಳಕಿನಲ್ಲಿ ಅವ್ಯವಸ್ಥೆ. ಇದರ ಫಲವಾಗಿ 1920ರಲ್ಲಿ ಈ ಕಾರ್ಯದ ಕಚೇರಿಯು ಟಸ್ಕೀಗಿಯಿಂದ ನ್ಯಾಶ್‌ವಿಲ್ಲಿಗೆ ಹೋಯಿತು; ಸ್ಯಾಮ್ಯುಯೆಲ್ ಸ್ಮಿತ್ ಎಂಬವರು ಅದರ ಆಡಳಿತವನ್ನು ವಹಿಸಿಕೊಂಡು ಹೊಸ ನಕ್ಷೆಗಳನ್ನು ಹೊರತಂದರು. ನಾನು ಮೊದಲು ಹೇಳಿದ ಎಡಗಡೆಯ ಬೆಳಕಿನ ನಕ್ಷೆಗಳು ಇವೇ.

ಸ್ಮಿತ್ತರ ಜಾಣ್ಮೆಯನ್ನು ಮೆಚ್ಚದೆ ಇರಲಾಗದು. ವಿದ್ಯುತ್ತು ಮುಟ್ಟದ ಹಳ್ಳಿಯಲ್ಲಿ ಸೂರ್ಯನೊಬ್ಬನೇ ದೀಪ. ಆದುದರಿಂದ ಪಾಠದ ಕೋಣೆಯ ಕಿಟಕಿಸಾಲು ಪೂರ್ವಕ್ಕೋ ಪಶ್ಚಿಮಕ್ಕೋ ಇರತಕ್ಕದ್ದು. ನಿವೇಶನವು ಯಾವ ರಸ್ತೆಗೆ ಮುಖಮಾಡಿದೆಯೋ ಹೇಳಬರುವುದಿಲ್ಲವಾದುದರಿಂದ, ಒಂದೇ ಅಳತೆಯ ಶಾಲೆಗೆ ಎರಡು ನಕ್ಷೆ: ಉತ್ತರಕ್ಕಾಗಲಿ ದಕ್ಷಿಣಕ್ಕಾಗಲಿ ಮುಖವಿದ್ದರೆ ಇದು, ಪೂರ್ವ ಪಶ್ಚಿಮಗಳಿಗೆ ಮುಖವಿದ್ದರೆ ಅದು. ರಸ್ತೆಯ ಮರ್ಯಾದೆಯೂ ಉಳಿಯಿತು, ಸೂರ್ಯನ ಮರ್ಯಾದೆಯೂ ಉಳಿಯಿತು. ಕಿಟಕಿಸಾಲಿನ ಎದುರು ಗೋಡೆಯಲ್ಲಿ, ಮೇಲ್ಗಡೆ, ಸಣ್ಣ ಗವಾಕ್ಷಗಳು. ಇವು ಬೆಳಕಿಗಲ್ಲ, ಗಾಳಿಗೆ. ಗೋಡೆಯ ಕೆಳಭಾಗಕ್ಕೆ, ಮಕ್ಕಳ ಕೈಯ ಕೊಳೆ ತೋರದಂತೆ, ಕಂದು ಬಣ್ಣ; ಅದರ ಮೇಲೆ ತಿಳಿಯಾದ ಹಳದಿಮಿಶ್ರಿತ ಬಣ್ಣ; ಮೇಲ್ಛಾವಣಿಗೆ, ಬಿದ್ದ ಬೆಳಕು ಮತ್ತೆ ಕೆಳಕ್ಕೆ ಚೆಲ್ಲುವಂತೆ, ದಂತದ ಬಿಳುಪು. ನೆಲಗಟ್ಟು ಮಣ್ಣಿಗೆ ತಾಗದಂತೆ ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಮರದ ಹಲಗೆ. ಎರಡು ಎಕರೆಗೆ ಕಡಮೆಯಿಲ್ಲದ ನಿವೇಶನ. ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಪಾಯಿಖಾನೆ. ಇಷ್ಟೂ ಆದ ಮೇಲೆಯೇ ನಿಧಿಯ ಹಣ. ಇದೇ ನಕ್ಷೆಗಳನ್ನು ಬಿಳಿಯ ಮಕ್ಕಳ ಶಾಲೆಗಳಿಗೂ ಅನೇಕ ಕಡೆ ತೆಗೆದುಕೊಂಡರು. ತಮಗೆ ನಿರಾಕರಿಸಿದವರಿಗೇ ಕರಿಯರ ಶಾಲೆ ಮಾದರಿಯಾಯಿತು.

ಆದರೆ ಒಂದು ಮಾತನ್ನು ಹೇಳಲೇಬೇಕು. ಕಚೇರಿ ನ್ಯಾಶ್‌ವಿಲ್ಲಿಗೆ ಹೋದುದರಿಂದ ಕಿಟಕಿಗಳು ನೆಟ್ಟಗಾದುವು; ಕರಿಯರೇ ಕರಿಯರಿಗಾಗಿ ನಡೆಸುತ್ತಿದ್ದ ಕಾರ್ಯವೊಂದು ಅವರ ಕೈಯಿಂದ ಜಾರಿತು. ಗೋಡೆ ಸೊಟ್ಟಗಿದ್ದರೂ ಅಧಿಕಾರ ನಮ್ಮದಿರಲಿ ಎನ್ನಬೇಕೆ, ಅಧಿಕಾರ ಯಾರದಾದರೇನು ಮಗುವಿನ ಕಣ್ಣಿಗೆ ಬೆಳಕು ಬೀಳಲಿ ಎನ್ನಬೇಕೆ? ಕತ್ತಲೆಯ ಕೋಣೆಯಲ್ಲಿ ಕುಳಿತು ಬಂದ ನಾನು ಎರಡನೆಯ ಪಕ್ಷಕ್ಕೆ ಸುಲಭವಾಗಿ ವಾಲುತ್ತೇನೆ. ವಾಲಿದೊಡನೆಯೆ ಸಂದೇಹವೂ ಬರುತ್ತದೆ. ಟೇಲರರಂತಹ ವಾಸ್ತುಶಿಲ್ಪಿಯಿದ್ದ ಟಸ್ಕೀಗಿಗೆ ಇನ್ನಿಬ್ಬರು ಮೇಲ್ವಿಚಾರಕರನ್ನು ಕೊಟ್ಟಿದ್ದರೆ ಆ ಸೊಟ್ಟನ್ನು ಅಲ್ಲಿಯೇ ತಿದ್ದಬಹುದಾಗಿತ್ತಲ್ಲವೆ? ತಪ್ಪು ಮಾಡಿದ ಊರಿಗೆ ಕಲಿಸುವುದಕ್ಕೆ ಹಿಡಿಯುವ ಕಾಲಕ್ಕಿಂತ ಆ ಊರಿನ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುವುದಕ್ಕೆ ಹಿಡಿಯುವ ಕಾಲ ಕಡಮೆ. ಕಚೇರಿಗಳಿಗೆ ಆತುರ ಹೆಚ್ಚು.

ಇನ್ನು ಊರಿನ ಕರಿಯರು ಹಣ ಕೂಡಿಸಿದ ಬಗೆಯನ್ನು ಕೇಳಿ. ಇವರಲ್ಲಿ ಬಹುಮಂದಿ ಬಿಳಿಯರ ಹೊಲವನ್ನು ಕೋರಿಗೆ ಉಳುವವರು. ಬೆಳೆ ಬಂದಾಗ ಹಳೆಯ ಸಾಲವನ್ನು ಕಳೆದರೆ ಕೈಗೆ ಉಳಿಯುವುದು ಮತ್ತೊಂದು ಸಾಲ. ಸ್ವಂತ ಭೂಮಿಯಿದ್ದ ಒಬ್ಬಾತ ಎರಡೆಕರೆ ಬಿಟ್ಟುಕೊಡುವನು; ಇನ್ನೊಬ್ಬ ತನ್ನ ತೋಪಿನ ಪೈನ್ ಮರಗಳನ್ನು ಕೊಡುವನು; ಮೂರನೆಯವನ ಹೇಸರಗತ್ತೆಯ ಬಂಡಿ ದಿಮ್ಮಿಗಳನ್ನು ಕೊಯ್ಯುವ ಕಾರ್ಖಾನೆಗೆ ಸಾಗಿಸುವುದು. ಹೆಂಗಸರು ಕೋಳಿ ಹುರಿದು, ಕೇಕು ಸುಟ್ಟು, ಊಟದ ಪೆಟ್ಟಿಗೆಗಳನ್ನು ಕಟ್ಟಿ ಹರಾಜು ಹಾಕುವರು. ಕೆಲವೆಡೆ ಒಕ್ಕಲುಗಳು ಹತ್ತಿಯ ಹೊಲದಲ್ಲಿ ಒಂದು ತುಂಡನ್ನು ಶಾಲೆಗೆಂದೇ ಮೀಸಲಿಟ್ಟು, ಅದರ ಹತ್ತಿಯನ್ನು ಪ್ರತ್ಯೇಕವಾಗಿ ಬಿಡಿಸಿ ಮಾರಿದರು. ದೇವರ ಹೆಸರಿನಲ್ಲಿ ಮುಡಿಪು ತೆಗೆದಿಡುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲಬಾಮಾದ ಬೊಲಿಜಿ ಎಂಬ ಹಳ್ಳಿಯಲ್ಲಿ ನಡೆದ ಇಂತಹ ಒಂದು ವಂತಿಗೆಯ ಸಭೆಯ ವೃತ್ತಾಂತವನ್ನು ಅಲ್ಲಿಗೆ ಹೋಗಿದ್ದ ಪ್ರತಿನಿಧಿಯೊಬ್ಬರು ಬರೆದಿಟ್ಟಿದ್ದಾರೆ. ಹತ್ತಿಯ ಕಾಯಿಕೊರಕ ಹುಳು ಬೆಳೆಯನ್ನು ತಿಂದುಹಾಕಿದ್ದ ಕಾಲ. ಜನ ಒಬ್ಬೊಬ್ಬರಾಗಿ ಎದ್ದು ಬಂದು ಮೇಜಿನ ಮೇಲೆ ಕೈಲಾದುದನ್ನು ಇಟ್ಟು ಹೋಗುತ್ತಿದ್ದಾರೆ. ಗುಲಾಮಗಿರಿಯ ದಿನಗಳನ್ನು ಕಂಡಿದ್ದ ಒಬ್ಬ ಮುದುಕ ಮೆಲ್ಲಗೆ ಮುಂದೆ ಬಂದ. ಅಂಗಿಯ ಜೇಬಿನಿಂದ ಜಿಡ್ಡು ಹಿಡಿದ ಹಳೆಯ ಚೀಲವೊಂದನ್ನು ಈಚೆಗೆ ತೆಗೆದ. ಅದರ ಬಾಯಿ ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕಿದ. ಕಾಸು, ಬಿಲ್ಲೆ, ಮುದುರಿದ ನೋಟು. ಎಣಿಸಿದರೆ 38 ಡಾಲರು. ಅದು ಅವನ ಬಾಳಿನ ಸಮಸ್ತ ಗಳಿಕೆ. ತನ್ನ ಮೊಮ್ಮಕ್ಕಳ ಮಕ್ಕಳಿಗಾದರೂ ಒಂದು ಅವಕಾಶ ದೊರೆಯಲಿ, ಅದಕ್ಕಾಗಿ ಇದ್ದುದೆಲ್ಲವನ್ನೂ ಕೊಡುತ್ತಿದ್ದೇನೆ ಎಂದು ಹೇಳಿ ಆತ ಹಿಂದಕ್ಕೆ ಸರಿದ.

ಈ ಪ್ರಸಂಗವನ್ನು ಓದಿದವರೆಲ್ಲರೂ ತ್ಯಾಗವನ್ನು ಕೊಂಡಾಡುತ್ತಾರೆ. ನಾನೂ ಕೊಂಡಾಡಿದೆ, ಆದರೆ ಎರಡನೆಯ ಸಲ ಓದಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಈ ಮುದುಕನೂ ಇವನ ನೆರೆಹೊರೆಯವರೂ ಶಾಲೆಯ ತೆರಿಗೆಯನ್ನು ಮೊದಲೇ ತೆತ್ತಿದ್ದರಲ್ಲವೆ? ಆ ಹಣದಲ್ಲಿ ಏಳಬೇಕಾಗಿದ್ದ ಶಾಲೆ ಬಿಳಿಯರ ಬೀದಿಯಲ್ಲಿ ಎದ್ದುನಿಂತಿತ್ತು. ತಮಗೆ ಸಲ್ಲಬೇಕಾದುದನ್ನು ಪಡೆಯುವುದಕ್ಕೆ ಅವರು ಎರಡನೆಯ ಸಲ ಬೆಲೆ ತೆರಬೇಕಾಯಿತು. ಇದನ್ನು ಇಮ್ಮಡಿ ತೆರಿಗೆಯೆಂದು ಕರೆದ ಇತಿಹಾಸಕಾರರಿದ್ದಾರೆ. ಆ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಊರಿನ ಜನ ಪಾಲುಗೊಳ್ಳಲಿ ಎಂದು ನಾವು ವೇದಿಕೆಗಳಲ್ಲಿ ಉತ್ಸಾಹದಿಂದ ನುಡಿಯುವಾಗ, ಸರ್ಕಾರವು ಮಾಡಬೇಕಾದುದನ್ನು ಮಾಡದೆ ಉಳಿದ ಜಾಗಕ್ಕೇ ಜನರನ್ನು ಕರೆಯುತ್ತಿದ್ದೇವೆಯೊ ಎಂದು ಒಮ್ಮೆ ವಿಚಾರಿಸಿಕೊಳ್ಳುವುದು ಲೇಸು. ಪಾಲು ಕೊಡು ಎನ್ನುವುದು ಬಡವನಿಗೆ ಗೌರವವೂ ಆಗಬಲ್ಲುದು, ಸುಲಿಗೆಯೂ ಆಗಬಲ್ಲುದು. ಬೊಲಿಜಿಯ ಮೇಜಿನ ಮೇಲೆ ಎರಡೂ ಕಲಸಿಕೊಂಡು ಬಿದ್ದಿದ್ದುವು.

ವಾಷಿಂಗ್ಟನ್ನರ ಪಂಥವನ್ನು ಒಪ್ಪದವರೂ ಆ ಜನಾಂಗದಲ್ಲಿಯೇ ಇದ್ದರು. ಹಕ್ಕನ್ನು ಕೇಳುವ ಬದಲು ಕಸಬನ್ನು ಕಲಿಸಿ ಬಿಳಿಯರ ಮನವೊಲಿಸುವ ಈ ಮಾರ್ಗ ಜನಾಂಗವನ್ನು ಬಾಗಿಸುತ್ತದೆಂದು ಡಬ್ಲ್ಯು. ಇ. ಬಿ. ಡು ಬಾಯಿಸ್ ಎಂಬ ಮಹಾವಿದ್ವಾಂಸರು ವಾದಿಸಿದರು. ಅವರಿಬ್ಬರ ವಿವಾದ ಒಂದು ಪ್ರತ್ಯೇಕ ಭಾಷಣದ ವಸ್ತು. ಇಲ್ಲಿ ಹೇಳಬೇಕಾದುದು ಇಷ್ಟೇ: ಕೈಕೆಲಸದ ಕೋಣೆಯ ಪಕ್ಕದಲ್ಲಿಯೇ ಓದಿನ ಕೋಣೆಯೂ ಇತ್ತು, ಅಲ್ಲಿ ಕುಳಿತವರು ಯಾರ ಊಹೆಗೂ ಮೀರಿದುದನ್ನು ಓದಿಕೊಂಡರು. ಲೇಖಕಿ ಮಾಯಾ ಏಂಜಲೊ ಅರ್ಕನ್ಸಾದ ಸ್ಟ್ಯಾಂಪ್ಸ್ ಎಂಬ ಊರಿನಲ್ಲಿ ಓದಿದುದು ಇಂತಹ ಶಾಲೆಯಲ್ಲಿ. ಪೌರಹಕ್ಕುಗಳ ಹೋರಾಟದ ಮುಂಚೂಣಿಯಲ್ಲಿದ್ದ ಜಾನ್ ಲೂಯಿಸ್ ಅಲಬಾಮಾದ ಪೈಕ್ ಜಿಲ್ಲೆಯಲ್ಲಿ ಓದಿದುದೂ ಇಂತಹ ಶಾಲೆಯಲ್ಲಿ.

1932ರ ಜನವರಿಯಲ್ಲಿ ರೋಸನ್‌ವಾಲ್ಡರು ನಿಧನರಾದರು. ಆ ವರ್ಷವೇ ಶಾಲೆ ಕಟ್ಟುವ ಕಾರ್ಯಕ್ರಮವೂ ಮುಗಿಯಿತು. ತಾನು ಹೋದ ಮೇಲೆ 25 ವರ್ಷಗಳೊಳಗಾಗಿ ನಿಧಿಯ ಹಣವೆಲ್ಲ ವೆಚ್ಚವಾಗಿ ತೀರತಕ್ಕದ್ದು, ಸತ್ತವನ ಕೈ ಬದುಕಿರುವವರ ಮೇಲೆ ಕುಳಿತಿರಬಾರದು ಎಂಬುದು ಅವರ ಮತ. ಹಣ ಅದಕ್ಕೂ ಮೊದಲೇ, 1948ರಲ್ಲಿಯೇ ತೀರಿತು. ದಾನಿಗಳಲ್ಲಿ ಇಂತಹ ವಿನಯ ವಿರಳ. ಒಟ್ಟು ಲೆಕ್ಕವನ್ನು ಓದುತ್ತೇನೆ: 15 ಸಂಸ್ಥಾನಗಳ 883 ಜಿಲ್ಲೆಗಳಲ್ಲಿ 4,977 ಶಾಲೆಗಳು, ಉಪಾಧ್ಯಾಯರಿಗೆ 217 ಮನೆಗಳು, ಕಸಬಿನ ಕಟ್ಟಡಗಳು 163, ಇವುಗಳಲ್ಲಿ 6,63,615 ಮಕ್ಕಳಿಗೆ ಸ್ಥಳ. ವೆಚ್ಚ 2 ಕೋಟಿ 84 ಲಕ್ಷ ಡಾಲರು. ಇದರಲ್ಲಿ ಸಾರ್ವಜನಿಕ ತೆರಿಗೆಯಿಂದ ಬಂದುದು 1 ಕೋಟಿ 81 ಲಕ್ಷ. ರೋಸನ್‌ವಾಲ್ಡರದು 43 ಲಕ್ಷಕ್ಕೂ ಮಿಕ್ಕು. ಬಿಳಿಯ ಮಿತ್ರರದು 12 ಲಕ್ಷ. ಕರಿಯ ಜನರದು 47 ಲಕ್ಷಕ್ಕೂ ಮಿಕ್ಕು. ಶಾಲೆಗಳಿಗೆ ಬಿದ್ದ ಹೆಸರು ಮಾತ್ರ ರೋಸನ್‌ವಾಲ್ಡ್ ಶಾಲೆಗಳೆಂದು. ಅನೇಕ ಕೋಣೆಗಳಲ್ಲಿ ಅವರ ಭಾವಚಿತ್ರವೂ ತೂಗುತ್ತಿತ್ತು. 47 ಲಕ್ಷ ಕೊಟ್ಟವರು ಆ ಭಾವಚಿತ್ರದ ಕೆಳಗೆ ಮಣೆಯ ಮೇಲೆ ಕುಳಿತಿದ್ದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತವಾಗುತ್ತಿತ್ತು. ನಿಧಿಯ ನಿಯಮಗಳಲ್ಲಿ ಇನ್ನೊಂದು ಇತ್ತು: ನೆಲವನ್ನೂ ಕಟ್ಟಡವನ್ನೂ ಸಾರ್ವಜನಿಕ ಶಾಲಾ ಮಂಡಲಿಯ ಹೆಸರಿಗೆ ಬರೆದುಕೊಡತಕ್ಕದ್ದು. ಉದ್ದೇಶ ಒಳ್ಳೆಯದೇ, ಸರ್ಕಾರವು ಶಾಲೆಯನ್ನು ತನ್ನದೆಂದು ಒಪ್ಪಿ ಉಪಾಧ್ಯಾಯರಿಗೆ ಸಂಬಳ ಕೊಡಬೇಕೆಂದು ಈ ಬಗೆಯ ಕಟ್ಟು. ಫಲವೇನಾಯಿತೆಂದರೆ, ಊರಿನವರು ನೆಲ ಕೊಟ್ಟರು, ಮರ ಕೊಟ್ಟರು, ಮೈ ಕೊಟ್ಟರು, ಕಡೆಗೆ ಬೀಗದ ಕೈಯನ್ನೂ ಕೊಟ್ಟರು. 1954ರ ಮೇ 17ರಂದು ಶ್ರೇಷ್ಠ ನ್ಯಾಯಾಲಯವು ಪ್ರತ್ಯೇಕ ಶಾಲೆಗಳು ಅಸಮಾನವೇ ಎಂದು ತೀರ್ಪಿತ್ತಿತು, ನ್ಯಾಯವಾದ ತೀರ್ಪು. ಆದರೆ ವರ್ಷಗಳು ಉರುಳಿ ಎರಡು ಬಗೆಯ ಶಾಲೆಗಳನ್ನು ಒಂದುಗೂಡಿಸುವ ಕಾಲ ಬಂದಾಗ, ಬೀಗ ಬಿದ್ದುದು ಬಹುಮಟ್ಟಿಗೆ ಕರಿಯರ ಶಾಲೆಗಳಿಗೆ; ಕೆಲಸ ಕಳೆದುಕೊಂಡವರು ಸಹಸ್ರಗಟ್ಟಲೆ ಕರಿಯ ಉಪಾಧ್ಯಾಯರು. ಕಟ್ಟಿದವರನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ಷರತ್ತು ದಸ್ತಾವೇಜಿನಲ್ಲಿ ಇರಲಿಲ್ಲ. ಕೆಲವು ಶಾಲೆಗಳು ಹುಲ್ಲಿನ ಕಣಜಗಳಾದುವು, ಕೆಲವು ವಾಸದ ಮನೆಗಳಾದುವು, ಬಹುಪಾಲು ಗೆದ್ದಲಿಗೂ ಬೆಂಕಿಗೂ ತುತ್ತಾದುವು. ಅಲ್ಲಲ್ಲಿ ಹಳೆಯ ವಿದ್ಯಾರ್ಥಿಗಳು ವಂತಿಗೆಯೆತ್ತಿ, ತಮ್ಮ ಅಜ್ಜ ಬಿಟ್ಟುಕೊಟ್ಟ ನೆಲವನ್ನು ಮಂಡಲಿಯಿಂದ ಹಣಕೊಟ್ಟು ಮರಳಿ ಪಡೆದರು. ಹಾಗೆ ನೋಡಿದರೆ ಮೂರನೆಯ ಸಲ ಬೆಲೆ ತೆತ್ತಂತಾಯಿತು.

2002ರಲ್ಲಿ ಆ ದೇಶದ ಐತಿಹಾಸಿಕ ಸಂರಕ್ಷಣ ಸಂಸ್ಥೆಯು ಅಪಾಯಕ್ಕೆ ಸಿಕ್ಕಿದ ತಾಣಗಳ ಪಟ್ಟಿಯಲ್ಲಿ ಈ ಶಾಲೆಗಳನ್ನು ಸೇರಿಸಿದ ಮೇಲೆ, ಉಳಿದಿರುವುವನ್ನು ಹುಡುಕಿ ಗುರುತಿಸುವ ಕೆಲಸ ಚುರುಕಾಯಿತು. ಹುಡುಕುವುದು ಸುಲಭವಲ್ಲ, ಹೆಸರಿನ ಹಲಗೆಗಳು ಬಿದ್ದುಹೋಗಿವೆ, ಹೊರಗೋಡೆಗೆ ತಗಡು ಬಡಿದಿದ್ದಾರೆ, ಮಾಡನ್ನು ಬದಲಾಯಿಸಿದ್ದಾರೆ, ಸುತ್ತ ಪೊದೆ ಬೆಳೆದಿದೆ. ಹುಡುಕಿಕೊಂಡು ಹೋದವರು ರಸ್ತೆಯಲ್ಲಿ ಬಂಡಿ ನಿಲ್ಲಿಸಿ, ಮೊದಲು ನೋಡುವುದು ಕಟ್ಟಡದ ಪಕ್ಕದ ಗೋಡೆಯನ್ನು. ಕಿಟಕಿಗಳಿಗೆ ಹಲಗೆ ಬಡಿದು ಮುಚ್ಚಿದ್ದರೂ ಅವುಗಳ ಚೌಕಟ್ಟು ಹಲಗೆಯ ಮೇಲೆ ಮೂಡಿರುತ್ತದೆ. ಅವರು ಅಲ್ಲಿಂದಲೇ ಬೆರಳು ಮಡಚುತ್ತ ಎಣಿಸುತ್ತಾರೆ: ಒಂದು, ಎರಡು, ಮೂರು, ನಾಲ್ಕು, ಐದು, ಒಂದಕ್ಕೊಂದು ಭುಜ ತಾಗಿಸಿ. ಆಮೇಲೆ ದಿಕ್ಕನ್ನು ನೋಡಿಕೊಂಡು, ಮುಳ್ಳನ್ನು ಸರಿಸಿ, ಒಳಗೆ ಹೋಗುತ್ತಾರೆ.